ಯಾರು, ಯಾರಿಗೆ, ಏನು ಮಾಡಿದರು? – ಹೆಸರುಗಳ ಪಟ್ಟಿಯ ಒಂದು ಚರಿತ್ರೆ

ಒಂದು ಬೇಸಗೆ ರಜೆ ಇಡೀ ನಾವು ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳ ಜೊತೆ ಕಳೆದೆವು. ಅವುಗಳನ್ನೆಲ್ಲ ಗಣಕಯಂತ್ರಕ್ಕೆ ಏರಿಸಬೇಕಿತ್ತು. ಗೆದ್ದಲು ತಿಂದದ್ದು ಕೆಲವು, ಮಳೆನೀರು ಬಿದ್ದು ಶಾಯಿ ಹರಡಿದ್ದು ಕೆಲವು. 1956ರ ನವೆಂಬರ್ 1ಕ್ಕಿಂತ ಹಿಂದಿನ ಪುಟಗಳಲ್ಲಿ ದಕ್ಷಿಣ ಕನ್ನಡ ಜಿಲ್ಲೆ, ಮದರಾಸು ರಾಜ್ಯ ಎಂದಿದೆ. ಆಮೇಲಿನ ಪುಟಗಳಲ್ಲಿ ಕೇರಳ. ಮಕ್ಕಳ ಹೆಸರು ಮಾತ್ರ ಅವವೇ – ಐತ್ತಪ್ಪ, ಕೊರಗಪ್ಪ, ಬೀಫಾತಿಮ, ಲಕ್ಷ್ಮಿ.

ಆ ದಿನಗಳಲ್ಲೇ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಬಂದರು. ವಯಸ್ಸಾಗಿದೆ, ಯಾವುದೋ ಸಹಾಯಧನಕ್ಕೆ ಅರ್ಜಿ ಹಾಕಿದ್ದಾರೆ, 'ಹೆಸರು ತಾಳೆಯಾಗುವುದಿಲ್ಲ' ಎಂದು ಅರ್ಜಿ ಹಿಂದಿರುಗಿದೆ. ನಮ್ಮ ಪುಸ್ತಕದಲ್ಲಿ ಅವರು ಐತ್ತಪ್ಪ. ಒಂದು ಕಾರ್ಡಿನಲ್ಲಿ ಮಲಯಾಳ ಲಿಪಿಯಲ್ಲಿ ಅಯ್ತಪ್ಪನ್. ಇನ್ನೊಂದರಲ್ಲಿ ಅದನ್ನು ಇಂಗ್ಲಿಷಿಗೆ ತಂದು, ಇಂಗ್ಲಿಷಿನಿಂದ ಮತ್ತೆ ಎಳೆದು ತಂದು ಇತಪ್ಪ. ಒಬ್ಬ ಮನುಷ್ಯ, ಮೂವರಾಗಿ ಕುಳಿತಿದ್ದಾರೆ. ಗಣಕಯಂತ್ರದ ಲೆಕ್ಕದಲ್ಲಿ ಮೂವರೂ ಬೇರೆ ಬೇರೆ. ಮೂವರಲ್ಲಿ ಯಾರೂ ಅರ್ಜಿ ಹಾಕಿದವರಲ್ಲ! ಗಡಿನಾಡಿನಲ್ಲಿ ಇದು ಹೊಸತಲ್ಲ, ಓದುಗರಲ್ಲಿ ಹಲವರ ಮನೆಯಲ್ಲೇ ನಡೆದಿರಬಹುದು. ನಾವು ಪ್ರಮಾಣಪತ್ರ ಬರೆದು ಕೊಟ್ಟೆವು, ಅವರು ಹೋದರು. ಆದರೆ ಪ್ರಶ್ನೆ ಉಳಿಯಿತು. ಒಂದು ಸಹಾಯಧನದ ಪಟ್ಟಿಯಲ್ಲೇ ಹೀಗಾದರೆ, ಜೀವ ಹೋದವರ ಪಟ್ಟಿಯಲ್ಲಿ, ಕಾಣೆಯಾದವರ ಪಟ್ಟಿಯಲ್ಲಿ ಏನಾದೀತು? ಅಂಥ ಪಟ್ಟಿಗಳನ್ನು ಯಾರು ಬರೆದರು, ಯಾವ ಸಾಧನದಿಂದ ಬರೆದರು ಎಂದು ಹುಡುಕುತ್ತಾ ಹೋದಾಗ ಸಿಕ್ಕ ಕಥೆಯನ್ನು ಇಲ್ಲಿ ಹೇಳುತ್ತಿದ್ದೇವೆ. ಬಹುಪಾಲು ಅದು ಲ್ಯಾಟಿನ್ ಅಮೆರಿಕದ ಕಥೆ.

ಮೊದಲು ಚಿಲಿ. 1973ರ ಸೆಪ್ಟೆಂಬರ್ 11ರಂದು ಅಲ್ಲಿ ಸೇನೆ ಅಧಿಕಾರ ಕಸಿದುಕೊಂಡಿತು. ಮರುತಿಂಗಳೇ ಕೆಲವು ಧಾರ್ಮಿಕ ಸಂಸ್ಥೆಗಳು ಸೇರಿ, ಬಂಧಿತರಾದವರ ಮನೆಯವರಿಗೆ ನೆರವಾಗಲು ಒಂದು ಸಮಿತಿ ಮಾಡಿಕೊಂಡವು. 1975ರ ಕೊನೆಗೆ ಪಿನೊಚೆ ಸರಕಾರದ ಒತ್ತಡದಿಂದ ಅದು ಮುಚ್ಚಿತು. ಕಾರ್ಡಿನಲ್ ರಾವುಲ್ ಸಿಲ್ವಾ ಹೆನ್ರಿಕೆಸ್ ಸುಮ್ಮನಿರಲಿಲ್ಲ. 1976ರ ಆರಂಭದಲ್ಲೇ 'ವಿಕಾರಿಯಾ ದೆ ಲಾ ಸೊಲಿದಾರಿದಾದ್' ಎಂಬ ಕಚೇರಿಯನ್ನು ಚರ್ಚಿನ ಅಂಗವಾಗಿಯೇ ತೆರೆದರು. ಅವರ ತಂತ್ರಜ್ಞಾನ ಎಂದರೆ ಬೆರಳಚ್ಚು ಯಂತ್ರ, ಕಾರ್ಬನ್ ಕಾಗದ ಮತ್ತು ರಟ್ಟಿನ ಚೀಟಿಗಳು. ಹೆಸರಿಗೊಂದು ಚೀಟಿ. ಬಂಧನದ ದಿನ, ಸ್ಥಳ, ಕಂಡವರು ಯಾರು, ಕೊನೆಯ ಬಾರಿ ಎಲ್ಲಿ ಕಂಡರು.

ಅಲ್ಲಿನ ವಕೀಲರು 'ಬಂಧಿತನನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ' ಎಂಬ ಅರ್ಜಿಗಳನ್ನು ಸಾವಿರಗಟ್ಟಲೆ ಸಲ್ಲಿಸಿದರು. ಬಹುತೇಕ ಎಲ್ಲವೂ ತಿರಸ್ಕೃತವಾದವು. ಹಾಗಾದರೆ ಮತ್ತೆ ಮತ್ತೆ ಏಕೆ ಹಾಕಿದರು? ಪ್ರತಿ ಅರ್ಜಿಯ ಮೇಲೆ ಒಂದು ಹೆಸರು, ಒಂದು ತಾರೀಕು, ನ್ಯಾಯಾಲಯದ ಮೊಹರು ಬೀಳುತ್ತಿತ್ತು. ತಿರಸ್ಕಾರದ ಮೊಹರೂ ಮೊಹರೇ ತಾನೆ? ಆ ದಿನ ಆ ಹೆಸರಿನ ಮನುಷ್ಯನನ್ನು ಯಾರೋ ಹುಡುಕುತ್ತಿದ್ದರು ಎಂಬುದಕ್ಕೆ ಸರಕಾರವೇ ರಶೀದಿ ಕೊಟ್ಟ ಹಾಗಾಯಿತು. ಇದರ ಬೆಲೆ ತಿಳಿಯಬೇಕಾದರೆ ಒಂದು ಸಂಗತಿ ಹೇಳಬೇಕು. 1975ರಲ್ಲಿ ಚಿಲಿಯ ಪ್ರತಿನಿಧಿ ವಿಶ್ವಸಂಸ್ಥೆಯಲ್ಲಿ, ಕಾಣೆಯಾದವರು ಎನ್ನಲಾದ ಹಲವರಿಗೆ ಕಾನೂನಿನ ಪ್ರಕಾರ ಅಸ್ತಿತ್ವವೇ ಇಲ್ಲ ಎಂದು ವಾದಿಸಿದರು. ಹುಟ್ಟೇ ಇಲ್ಲದವರು ಕಾಣೆಯಾಗುವುದು ಹೇಗೆ ಎಂಬ ಜಾಣ್ಮೆ.

1978ರಲ್ಲಿ ಲೊಂಕೆನ್ ಎಂಬಲ್ಲಿ ಪಾಳುಬಿದ್ದ ಸುಣ್ಣದ ಗೂಡುಗಳಲ್ಲಿ 15 ಮಂದಿಯ ಅವಶೇಷಗಳು ಸಿಕ್ಕವು. ಅವರು 1973ರ ಅಕ್ಟೋಬರದಲ್ಲಿ ಇಸ್ಲಾ ದೆ ಮೈಪೊ ಎಂಬ ಊರಿನಿಂದ ಪೊಲೀಸರು ಕರೆದೊಯ್ದ ಗಂಡಸರು. ಒಂದೇ ಮನೆಯ ತಂದೆ ಮತ್ತು ನಾಲ್ವರು ಮಕ್ಕಳೂ ಅವರಲ್ಲಿದ್ದರು. ವಿಕಾರಿಯಾದ ಕಪಾಟಿನಲ್ಲಿ ಅವರ ಚೀಟಿಗಳು ಕಾಯುತ್ತಿದ್ದವು. ಪ್ರಜಾಪ್ರಭುತ್ವ ಮರಳಿದ ಮೇಲೆ 1991ರಲ್ಲಿ ವರದಿ ಕೊಟ್ಟ ರೆಟ್ಟಿಗ್ ಆಯೋಗ 2,279 ಮಂದಿಯನ್ನು ಹೆಸರು ಹಿಡಿದು ಬಲಿಪಶುಗಳೆಂದು ಗುರುತಿಸಿತು. ಆ ಕೆಲಸಕ್ಕೆ ಬುನಾದಿಯಾದದ್ದು ಇದೇ ಚೀಟಿಗಳು. 2003ರಲ್ಲಿ ಯುನೆಸ್ಕೊ ಚಿಲಿಯ ಮಾನವ ಹಕ್ಕು ದಾಖಲೆಗಳನ್ನು 'ವಿಶ್ವದ ಸ್ಮೃತಿ' ಪಟ್ಟಿಗೆ ಸೇರಿಸಿತು.

ಚೀಟಿಗೆ ಒಂದು ತೊಂದರೆ ಇದೆ. ಹೆಸರಿನ ಅಕ್ಷರಾನುಕ್ರಮದಲ್ಲಿ ಜೋಡಿಸಿದರೆ ಹೆಸರಿನಿಂದ ಮಾತ್ರ ಹುಡುಕಬಹುದು. 'ಈ ಪಡೆ ಈ ತಿಂಗಳು ಎಷ್ಟು ಜನರನ್ನು ಕರೆದೊಯ್ದಿತು' ಎಂದು ಕೇಳಿದರೆ ಎಲ್ಲ ಚೀಟಿಗಳನ್ನೂ ಮತ್ತೆ ಮಗುಚಬೇಕು. ಇಲ್ಲಿಗೆ ಗಣಕಯಂತ್ರ ಬರುತ್ತದೆ.

1982ರಲ್ಲಿ ಹ್ಯುರಿಡಾಕ್ಸ್ ಎಂಬ ಸಂಸ್ಥೆ ಹುಟ್ಟಿತು. ಅದರ ಮೊದಲ ಅಧ್ಯಕ್ಷರು ಮಾರ್ಟಿನ್ ಎನಲ್ಸ್, ಅದಕ್ಕೆ ಮೊದಲು ಆಮ್ನೆಸ್ಟಿ ಇಂಟರ್‌ನ್ಯಾಶನಲ್‌ನ ಪ್ರಧಾನ ಕಾರ್ಯದರ್ಶಿಯಾಗಿದ್ದವರು. ಒಂದು ದೇಶದ ಸಂಘಟನೆ ಬರೆದದ್ದನ್ನು ಇನ್ನೊಂದು ದೇಶದವರು ಓದಿ ಅರ್ಥಮಾಡಿಕೊಳ್ಳಬೇಕಾದರೆ ನಮೂನೆ ಒಂದೇ ಇರಬೇಕು ಎಂಬುದು ಅವರ ಯೋಚನೆ. ಮುಂದೆ ತಂತ್ರಾಂಶಗಳನ್ನೂ ಮಾಡಿ ಹಂಚಿದರು. ಒಣ ವಿಷಯ ಎನಿಸಬಹುದು. ಆದರೆ ವರ್ಷವರ್ಷವೂ ಬದಲಾಗುವ ನಮೂನೆಗಳನ್ನು ತುಂಬಿಸುವ ಅಧ್ಯಾಪಕರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಈ ವಿದ್ಯೆ ನಿಜವಾಗಿ ಹದಗೊಂಡದ್ದು ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶದಲ್ಲಿ. ಅಲ್ಲಿ 1980ರಿಂದ 1992ರ ವರೆಗೆ ಅಂತರ್ಯುದ್ಧ ನಡೆದು ಸುಮಾರು 75,000 ಜನ ಸತ್ತರು. ಅಲ್ಲಿನ ಸರಕಾರೇತರ ಮಾನವ ಹಕ್ಕು ಆಯೋಗದವರು ಯುದ್ಧದ ನಡುವೆಯೇ ಸಂತ್ರಸ್ತರ ಹೇಳಿಕೆಗಳನ್ನು ಬರೆದುಕೊಳ್ಳುತ್ತಿದ್ದರು. ಅದರ ಅಧ್ಯಕ್ಷೆ ಮರಿಯಾನೆಲ್ಲಾ ಗಾರ್ಸಿಯಾ ವಿಯಾಸ್ 1983ರಲ್ಲಿ ಕೊಲೆಯಾದರು. ಆಮೇಲೆ ಅದನ್ನು ಮುನ್ನಡೆಸಿದ ಹರ್ಬರ್ಟ್ ಅನಾಯಾ 1987ರಲ್ಲಿ ಕೊಲೆಯಾದರು. ಹೇಳಿಕೆ ಬರೆದುಕೊಳ್ಳುವುದೆಂದರೆ ಮೇಜಿನ ಮುಂದಿನ ಸುಖದ ಕೆಲಸ ಎಂದು ಯಾರೂ ತಿಳಿಯಬಾರದು.

1991ರ ಹೊತ್ತಿಗೆ ಅಲ್ಲಿಗೆ ಪ್ಯಾಟ್ರಿಕ್ ಬಾಲ್ ಎಂಬ ಅಮೆರಿಕದ ಸಮಾಜಶಾಸ್ತ್ರ ವಿದ್ಯಾರ್ಥಿ ಬಂದರು. ಗಣಕಯಂತ್ರದ ಕೆಲಸ ಗೊತ್ತಿದ್ದವರು. ರಾಶಿ ರಾಶಿ ಹೇಳಿಕೆಗಳನ್ನು ಕೋಷ್ಟಕಕ್ಕೆ ಇಳಿಸುವಾಗ ಒಂದು ತೊಡಕು ಎದುರಾಯಿತು. ಒಬ್ಬ ತಾಯಿ ಹೇಳುತ್ತಾಳೆ ಎಂದಿಟ್ಟುಕೊಳ್ಳಿ: ನನ್ನ ಇಬ್ಬರು ಮಕ್ಕಳನ್ನು ಎಳೆದೊಯ್ದರು, ಒಬ್ಬನನ್ನು ಹೊಡೆದರು, ಮೂರು ದಿನದ ಮೇಲೆ ಕೊಂದರು, ಇನ್ನೊಬ್ಬ ಸಿಗಲೇ ಇಲ್ಲ, ಎಳೆದೊಯ್ದವರು ಒಂದು ಪಡೆಯವರು, ಹೊಡೆದವರು ಇನ್ನೊಂದು ಪಡೆಯವರು. ಇದನ್ನು ಒಂದೇ ಸಾಲಿನಲ್ಲಿ ಬರೆದರೆ ಒಬ್ಬ ಮಗ ಬಿಟ್ಟುಹೋಗುತ್ತಾನೆ, ಇಲ್ಲವೇ ಹೊಡೆದದ್ದು ಬಿಟ್ಟುಹೋಗುತ್ತದೆ. 'ಒಂದು ಪ್ರಕರಣ' ಎಂದು ಎಣಿಸಿದರೆ ಏನನ್ನೂ ಎಣಿಸಿದ ಹಾಗಾಗಲಿಲ್ಲ.

ಬಾಲ್ 1996ರಲ್ಲಿ ಈ ಕುರಿತು ಬರೆದ ಕೈಪಿಡಿಯ ಹೆಸರೇ 'ಯಾರು ಯಾರಿಗೆ ಏನು ಮಾಡಿದರು' ಎಂದು. ನಮಗೆ ಇದನ್ನು ಓದಿದಾಗ ನಗು ಬಂತು, ಏಕೆಂದರೆ ಇದು ನಾವು ಪ್ರತಿ ಜೂನ್‌ನಲ್ಲಿ ಕರಿಹಲಗೆಯ ಮೇಲೆ ಬರೆಯುವ ಪಾಠ. ಕರ್ತೃ, ಕರ್ಮ, ಕ್ರಿಯಾಪದ. ಪ್ರತಿ ಹೇಳಿಕೆಯನ್ನೂ ಸಣ್ಣ ಸಣ್ಣ ವಾಕ್ಯಗಳಾಗಿ ಒಡೆಯಬೇಕು. ಪ್ರತಿ ವಾಕ್ಯಕ್ಕೂ ಒಬ್ಬ ಕರ್ತೃ, ಒಬ್ಬ ಕರ್ಮ, ಒಂದು ಕ್ರಿಯೆ, ಒಂದು ದಿನ, ಒಂದು ಸ್ಥಳ. ಅನ್ಯಾಯದ ವರದಿಗಳಲ್ಲಿ ಮೊದಲು ಕಳೆದುಹೋಗುವುದು ಕರ್ತೃವೇ. 'ಮೂವರು ಕೊಲ್ಲಲ್ಪಟ್ಟರು' ಎಂಬ ಕರ್ಮಣಿ ಪ್ರಯೋಗವನ್ನು ವ್ಯಾಕರಣ ಒಪ್ಪುತ್ತದೆ, ಆ ಕೋಷ್ಟಕ ಒಪ್ಪುವುದಿಲ್ಲ. ಅಲ್ಲಿ ಕರ್ತೃವಿನ ಮನೆ ಖಾಲಿಯಾಗಿ ಕಾಣುತ್ತದೆ, ಖಾಲಿ ಮನೆ ಪ್ರಶ್ನೆ ಕೇಳುತ್ತದೆ.

ಆಮೇಲೆ ಅವರು ಇನ್ನೊಂದು ಕೋಷ್ಟಕ ಮಾಡಿದರು. ಯಾವ ಸೇನಾಧಿಕಾರಿ ಯಾವ ವರ್ಷ, ಯಾವ ಪಡೆಯ ಮುಖ್ಯಸ್ಥನಾಗಿದ್ದ ಎಂಬ ವಿವರ. ವರ್ಗಾವಣೆ, ಬಡ್ತಿಗಳ ಸುದ್ದಿ ಗುಟ್ಟಿನದ್ದೇನಲ್ಲ. ಎರಡು ಕೋಷ್ಟಕಗಳನ್ನು ಪಡೆ ಮತ್ತು ತಾರೀಕಿನ ಮೇಲೆ ಜೋಡಿಸಿದಾಗ ಪ್ರತಿ ಅಧಿಕಾರಿಯ ಹೆಸರಿನ ಕೆಳಗೆ, ಅವನ ಅಧೀನದಲ್ಲಿದ್ದವರು ಮಾಡಿದ ಕೃತ್ಯಗಳ ಪಟ್ಟಿ ತಾನಾಗಿ ಬಿದ್ದಿತು. ಶಾಂತಿ ಒಪ್ಪಂದದಂತೆ ಸೇನೆಯನ್ನು ಶುದ್ಧಿಗೊಳಿಸಲು ರಚಿಸಿದ ಸಮಿತಿ 1992ರಲ್ಲಿ ನೂರಕ್ಕೂ ಮಿಕ್ಕಿದ ಅಧಿಕಾರಿಗಳನ್ನು ತೆಗೆಯಲು ಅಥವಾ ವರ್ಗಾಯಿಸಲು ಹೇಳಿತು. ಇದಕ್ಕೆಲ್ಲ ಶಿಕ್ಷೆಯಾಯಿತೇ ಎಂದು ಕೇಳಬೇಡಿ. 1993ರ ಮಾರ್ಚ್ 15ರಂದು ಸತ್ಯಶೋಧನ ಆಯೋಗದ ವರದಿ ಬಂತು. ಐದೇ ದಿನದಲ್ಲಿ ಅಲ್ಲಿನ ಸಂಸತ್ತು ಎಲ್ಲರಿಗೂ ಕ್ಷಮಾದಾನದ ಕಾನೂನು ಮಾಡಿತು. ಅದನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ರದ್ದು ಮಾಡಿದ್ದು 2016ರಲ್ಲಿ. ಇಪ್ಪತ್ತಮೂರು ವರ್ಷ ಕಾಗದಗಳು ಕಾದವು.

ಪಕ್ಕದ ಗ್ವಾಟೆಮಾಲಾದ ಕಥೆ ಇನ್ನೂ ದೊಡ್ಡದು. 1960ರಿಂದ 1996ರ ವರೆಗೆ ಯುದ್ಧ. 1999ರಲ್ಲಿ ವರದಿ ಕೊಟ್ಟ ಸತ್ಯಶೋಧನ ಆಯೋಗದ ಅಂದಾಜಿನಂತೆ ಸತ್ತವರು ಮತ್ತು ಕಾಣೆಯಾದವರು 2,00,000ಕ್ಕೂ ಹೆಚ್ಚು. ಗುರುತು ಸಿಕ್ಕಿದ ಬಲಿಪಶುಗಳಲ್ಲಿ ನೂರಕ್ಕೆ 83 ಮಂದಿ ಮಾಯಾ ಮೂಲನಿವಾಸಿಗಳು. ಇದಕ್ಕಿಂತ ಮೊದಲು ಚರ್ಚಿನವರು ಇನ್ನೊಂದು ದೊಡ್ಡ ವರದಿ ಮಾಡಿದ್ದರು. 1998ರ ಏಪ್ರಿಲ್ 24ರಂದು ಅದನ್ನು ಬಿಡುಗಡೆ ಮಾಡಿದ ಬಿಷಪ್ ಹುವಾನ್ ಹೆರಾರ್ದಿ ಎರಡು ದಿನ ಕಳೆಯುವಷ್ಟರಲ್ಲಿ ತಮ್ಮ ಮನೆಯಲ್ಲೇ ಕೊಲೆಯಾದರು.

ಆಯೋಗದವರು ಸೇನೆ, ಪೊಲೀಸರ ಕಡತ ಕೇಳಿದಾಗ, ಅಂಥದ್ದೇನೂ ಇಲ್ಲ ಎಂಬ ಉತ್ತರವೇ ಬಂದಿತ್ತು. 2005ರ ಜುಲೈನಲ್ಲಿ ರಾಜಧಾನಿಯ ಒಂದು ಪೊಲೀಸ್ ಆವರಣದಲ್ಲಿ ಸಿಡಿಮದ್ದು ದಾಸ್ತಾನಿದೆ, ಸ್ಫೋಟವಾದೀತು ಎಂದು ನೆರೆಯವರು ದೂರು ಕೊಟ್ಟರು. ಮಾನವ ಹಕ್ಕುಗಳ ಒಂಬುಡ್ಸ್‌ಮನ್ ಕಚೇರಿಯವರು ನೋಡಲು ಹೋದರು. ಮುರಿದ ವಾಹನಗಳ ನಡುವೆ ಇದ್ದ ಕಟ್ಟಡಗಳ ಕಿಟಕಿಯಿಂದ ಇಣುಕಿದರೆ ಒಳಗೆ ಕಾಗದದ ಕಟ್ಟುಗಳು, ನೆಲದಿಂದ ಮಾಡಿನವರೆಗೆ. ಒದ್ದೆ, ಬೂಸಲು, ಬಾವಲಿ, ಇಲಿ. ಅದು 1997ರಲ್ಲಿ ವಿಸರ್ಜಿಸಲಾದ ರಾಷ್ಟ್ರೀಯ ಪೊಲೀಸ್ ಪಡೆಯ ದಾಖಲೆಗಳ ರಾಶಿ. ಅತಿ ಹಳೆಯ ಕಾಗದ 1882ನೇ ಇಸವಿಯದು. ಅಂದಾಜು 8 ಕೋಟಿ ಪುಟ.

8 ಕೋಟಿ ಪುಟವನ್ನು ಯಾರು ಓದುವುದು? ಇಲ್ಲಿ ಮೂರು ಕೆಲಸ ಒಟ್ಟಿಗೆ ನಡೆಯಿತು. ಮೊದಲನೆಯದು ಒರೆಸುವುದು. ಮುಖಗವಸು, ಕೈಗವಸು ಹಾಕಿಕೊಂಡು ಯುವಕ ಯುವತಿಯರು ಒಂದೊಂದೇ ಹಾಳೆಯನ್ನು ಕುಂಚದಿಂದ ಒರೆಸಿದರು. ಅವರಲ್ಲಿ ಕೆಲವರು ಕಾಣೆಯಾದವರ ಮನೆಯವರೇ. ಎರಡನೆಯದು ಸ್ಕ್ಯಾನ್ ಮಾಡುವುದು; 1975ರಿಂದ 1985ರ ಕಾಗದಗಳಿಗೆ ಮೊದಲ ಸರದಿ. ಮೂರನೆಯದು ನಮಗೆ ಅತ್ಯಂತ ಸೋಜಿಗವೆನಿಸಿದ ಕೆಲಸ. ಎಲ್ಲ ಓದಿ ಮುಗಿಸುವವರೆಗೆ ಕಾಯದೆ, ಸಂಖ್ಯಾಶಾಸ್ತ್ರಜ್ಞರು ರಾಶಿಯ ಬೇರೆ ಬೇರೆ ಜಾಗಗಳಿಂದ ಚೀಟಿ ಎತ್ತಿದ ಹಾಗೆ ಕಾಗದಗಳನ್ನು ಆರಿಸಿ, ಇಡೀ ರಾಶಿಯಲ್ಲಿ ಏನೇನು ಎಷ್ಟೆಷ್ಟು ಇರಬಹುದೆಂದು ಲೆಕ್ಕ ಹಾಕಿದರು. ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಸಾಕು ಎನ್ನುತ್ತೇವೆ. ಆದರೆ ಅಗುಳನ್ನು ಮೇಲಿನಿಂದ ಮಾತ್ರ ಎತ್ತಬಾರದು, ತಳದಿಂದಲೂ ಎತ್ತಬೇಕು, ಅಷ್ಟೆ.

ಎದ್ಗಾರ್ ಫೆರ್ನಾಂದೊ ಗಾರ್ಸಿಯಾ ಎಂಬ ಕಾರ್ಮಿಕ ಮುಖಂಡ 1984ರ ಫೆಬ್ರವರಿ 18ರಂದು ಮನೆಯಿಂದ ಹೊರಟವರು ಹಿಂದೆ ಬರಲಿಲ್ಲ. ಹೆಂಡತಿ ನಿನೆತ್ ಮೊಂತೆನೆಗ್ರೊ, ಇನ್ನೂ ಕೂಸಾಗಿದ್ದ ಮಗಳು ಅಲೆಹಾಂದ್ರಾ. ನಿನೆತ್ ಅದೇ ವರ್ಷ ಕಾಣೆಯಾದವರ ಮನೆಯವರ ಸಂಘ ಕಟ್ಟಿದರು. ಪೊಲೀಸರು 'ನಮಗೆ ಗೊತ್ತಿಲ್ಲ' ಎಂದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಆ ರಾಶಿಯೊಳಗಿಂದ ಒಂದು ಕಾಗದ ಬಂತು. ಅದೇ ದಿನ, ಅದೇ ಜಾಗದಲ್ಲಿ ನಡೆದ 'ಕಾರ್ಯಾಚರಣೆ'ಗಾಗಿ ನಾಲ್ವರು ಪೊಲೀಸರಿಗೆ ಪದಕ ಕೊಡಬೇಕೆಂಬ ಶಿಫಾರಸು! ಗುಟ್ಟಾಗಿ ಮಾಡಿದ್ದನ್ನು ಬಡ್ತಿಯ ಆಸೆಗೆ ಬರೆದಿಟ್ಟಿದ್ದರು. 2010ರಲ್ಲಿ ಇಬ್ಬರಿಗೆ, 2013ರಲ್ಲಿ ಅಂದಿನ ಪೊಲೀಸ್ ಮುಖ್ಯಸ್ಥನಿಗೆ 40 ವರ್ಷಗಳ ಸಜೆಯಾಯಿತು. ಕಾಗದಗಳು ಕೆಳಗಿನಿಂದ ಮೇಲಿನ ಅಧಿಕಾರಿಯವರೆಗೆ ಹೇಗೆ ಹರಿಯುತ್ತಿದ್ದವು ಎಂದು ಸಂಖ್ಯಾಶಾಸ್ತ್ರದ ಸಾಕ್ಷ್ಯವನ್ನೂ ನ್ಯಾಯಾಲಯ ಕೇಳಿತು. ಅಂದಿನ ಕೂಸು ಅಲೆಹಾಂದ್ರಾ ಆ ಹೊತ್ತಿಗೆ ವಕೀಲೆಯಾಗಿದ್ದರು. ತೀರ್ಪು ಬಂದಾಗಲೂ ತಂದೆಯ ದೇಹ ಸಿಕ್ಕಿರಲಿಲ್ಲ.

ಇನ್ನು ಪೆರು. ನಾವು ಈ ಬರಹ ಬರೆಯಲು ಕಾರಣವೇ ಪೆರು ಎನ್ನಬಹುದು. 1980ರಿಂದ 2000ದ ವರೆಗೆ ಅಲ್ಲಿ 'ಹೊಳೆಯುವ ಹಾದಿ' ಎಂಬ ಅರ್ಥದ ಹೆಸರಿನ ಬಂಡುಕೋರರು ಒಂದು ಕಡೆ, ಸರಕಾರದ ಪಡೆಗಳು ಇನ್ನೊಂದು ಕಡೆ. ನಡುವೆ ಹಳ್ಳಿಯ ಜನ. ಸುಮಾರು 25,000 ಮಂದಿ ಸತ್ತಿರಬಹುದೆಂದು ರಾಜಧಾನಿಯವರು ನಂಬಿದ್ದರು. ಸಾಲೊಮೊನ್ ಲೆರ್ನರ್ ಅವರ ಅಧ್ಯಕ್ಷತೆಯ ಆಯೋಗ ಹಳ್ಳಿಹಳ್ಳಿ ತಿರುಗಿ 16,917 ಹೇಳಿಕೆಗಳನ್ನು ಪಡೆಯಿತು. ಬೇರೆ ಪಟ್ಟಿಗಳನ್ನೂ ಸೇರಿಸಿ ಹೆಸರು ಸಮೇತ ದಾಖಲಾದವರು 23,969 ಮಂದಿ. ಆದರೆ 2003ರ ಆಗಸ್ಟ್ 28ರಂದು ಕೊಟ್ಟ ವರದಿಯಲ್ಲಿ ಅವರು ಹೇಳಿದ ಅಂದಾಜು 69,280. ಸತ್ತವರಲ್ಲಿ ನಾಲ್ವರಲ್ಲಿ ಮೂವರ ಮನೆಮಾತು ಕೆಚುವಾ ಅಥವಾ ಇನ್ನೊಂದು ಮೂಲನಿವಾಸಿ ಭಾಷೆ. 1993ರ ಜನಗಣತಿಯಲ್ಲಿ ಅಂಥ ಭಾಷೆಯವರು ದೇಶದಲ್ಲಿ ನೂರಕ್ಕೆ 16 ಮಾತ್ರ.

ಹತ್ತಾರು ಸಾವಿರ ಜನ ಸತ್ತದ್ದು ದೇಶಕ್ಕೆ ಗೊತ್ತೇ ಆಗಲಿಲ್ಲ. ಏಕೆಂದರೆ ಅವರು ದೂರು ಕೊಡಬೇಕಾದ ಕಚೇರಿಯ ಭಾಷೆ ಸ್ಪಾನಿಷ್, ಅವರ ಭಾಷೆ ಕೆಚುವಾ. ಗಡಿಯಾಚೆಗಿನ ನಮ್ಮ ಬದುಕನ್ನು ಆ ದುರಂತಕ್ಕೆ ಹೋಲಿಸುವುದು ಅತಿರೇಕವಾದೀತು, ನಾವು ಹೋಲಿಸುವುದಿಲ್ಲ. ಆದರೂ ಅರ್ಜಿಯ ಭಾಷೆ ತಿಳಿಯದೆ ಕಚೇರಿಯ ಬಾಗಿಲಲ್ಲಿ ನಿಂತವರನ್ನು ಕಂಡವರಿಗೆ ಈ ಅಂಕೆ ಬರೀ ಅಂಕೆಯಾಗಿ ಕಾಣದು. ಆಯೋಗದ ಮೊದಲ ಬಹಿರಂಗ ವಿಚಾರಣೆ 2002ರ ಏಪ್ರಿಲ್‌ನಲ್ಲಿ ಅಯಾಕುಚೊ ಸೀಮೆಯ ಹುವಾಮಂಗಾದಲ್ಲಿ ನಡೆದಾಗ ಹೆಂಗಸರು ಕೆಚುವಾದಲ್ಲೇ ಮಾತಾಡಿದರು.

23,969 ಹೆಸರಿನಿಂದ 69,280 ಹೇಗೆ ಬಂತು, ಇದು ಊಹೆಯಲ್ಲವೇ ಎಂದು ನಮ್ಮ ಗಣಿತದ ಮಾಸ್ತರರು ಮೊದಲೇ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇವೆ. ಶಾಲಾ ವಾರ್ಷಿಕೋತ್ಸವಕ್ಕೆ ಎಷ್ಟು ಜನ ಬಂದರೆಂದು ತಿಳಿಯಬೇಕು. ಒಬ್ಬರು ಗೇಟಿನಲ್ಲಿ ನಿಂತು 60 ಹೆಸರು ಬರೆದರು. ಇನ್ನೊಬ್ಬರು ಊಟದ ಪಂಕ್ತಿಯಲ್ಲಿ 50 ಹೆಸರು ಬರೆದರು. ಇಬ್ಬರೂ ಎಲ್ಲರನ್ನೂ ಬರೆದಿಲ್ಲ. ಎರಡೂ ಪಟ್ಟಿಯಲ್ಲಿರುವವರು 20 ಮಂದಿ. ಅಂದರೆ ಊಟಕ್ಕೆ ಕುಳಿತ 50ರಲ್ಲಿ ಗೇಟಿನವರು ಹಿಡಿದದ್ದು 20, ಐದರಲ್ಲಿ ಎರಡು ಪಾಲು. ಹಾಗಾದರೆ ಅವರ 60 ಹೆಸರು ಕೂಡ ಒಟ್ಟು ಜನರ ಐದರಲ್ಲಿ ಎರಡು ಪಾಲು, ಒಟ್ಟು 150. ಎರಡು ಪಟ್ಟಿಯಲ್ಲಿ ಸೇರಿ ಇರುವುದು 90 ಹೆಸರು ಮಾತ್ರ. ಉಳಿದ 60 ಮಂದಿಯನ್ನು ಯಾರೂ ಬರೆದಿಲ್ಲ, ಆದರೂ ಅವರು ಇದ್ದರು ಎಂದು ಲೆಕ್ಕ ಹೇಳುತ್ತದೆ.

ಇದು ಮೊದಲು ಮೀನಿನ ಲೆಕ್ಕಕ್ಕೆ, ಬಾತುಕೋಳಿಯ ಲೆಕ್ಕಕ್ಕೆ ಬಳಸಿದ ವಿಧಾನ. ಮನುಷ್ಯರ ಹುಟ್ಟು ಸಾವಿಗೆ ಇದನ್ನು ಗಟ್ಟಿಯಾಗಿ ಅಳವಡಿಸಿದವರಲ್ಲಿ ನಮ್ಮ ದೇಶದವರೊಬ್ಬರಿದ್ದಾರೆ. ಸಿ. ಚಂದ್ರಶೇಖರನ್ ಮತ್ತು ಅಮೆರಿಕದ ಎಡ್ವರ್ಡ್ಸ್ ಡೆಮಿಂಗ್ 1949ರಲ್ಲಿ ಬರೆದ ಪ್ರಬಂಧ ಅದು. ಕೊಲ್ಕತ್ತಾ ಬಳಿಯ ಸಿಂಗೂರಿನ ಆರೋಗ್ಯ ಕೇಂದ್ರದ ಪ್ರದೇಶದಲ್ಲಿ ನೋಂದಣಿ ಅಧಿಕಾರಿಯ ಪಟ್ಟಿಯನ್ನು ಮನೆಮನೆಗೆ ಹೋಗಿ ಬರೆದ ಪಟ್ಟಿಯ ಜೊತೆ ತಾಳೆ ನೋಡಿ, ಎರಡಕ್ಕೂ ತಪ್ಪಿಹೋದ ಜನನ ಮರಣ ಎಷ್ಟೆಂದು ಅಂದಾಜು ಮಾಡಿದ್ದರು. ಇದೇ ಚಂದ್ರಶೇಖರನ್ ಮುಂದೆ ವಿಶ್ವಸಂಸ್ಥೆ ಮತ್ತು ಭಾರತ ಸರಕಾರದ ಜಂಟಿ 'ಮೈಸೂರು ಜನಸಂಖ್ಯಾ ಅಧ್ಯಯನ'ದಲ್ಲೂ ದುಡಿದವರು. ಅರ್ಧ ಶತಮಾನದ ಮೇಲೆ ಆಂಡಿಸ್ ಪರ್ವತದ ಹಳ್ಳಿಗಳಲ್ಲಿ ಸತ್ತವರ ಲೆಕ್ಕಕ್ಕೆ ಹೂಗ್ಲಿ ಸೀಮೆಯ ಈ ವಿದ್ಯೆಯೂ ಬುನಾದಿಯಾಯಿತು.

ಈಗ ನಮ್ಮ ಐತ್ತಪ್ಪನವರ ಬಳಿಗೆ ಬನ್ನಿ. ಗೇಟಿನ ಪಟ್ಟಿಯಲ್ಲಿ ಐತ್ತಪ್ಪ, ಊಟದ ಪಟ್ಟಿಯಲ್ಲಿ ಇತಪ್ಪ ಎಂದಿದ್ದರೆ? ಇಬ್ಬರೂ ಒಬ್ಬರೇ ಎಂದು ತಿಳಿಯದೆ ಹೋದರೆ? ಇಂಥ ಐದು ಹೆಸರು ತಪ್ಪಿ, ಎರಡರಲ್ಲೂ ಇರುವವರು 20ರ ಬದಲು 15 ಎಂದಾದರೆ ಒಟ್ಟು 150 ಹೋಗಿ 200 ಆಗುತ್ತದೆ. ಕಾಗುಣಿತದ ತಪ್ಪಿನಿಂದ 50 ಜನ ಹುಟ್ಟಿಬಿಟ್ಟರು. ಆದ್ದರಿಂದ ಈ ಕೆಲಸದಲ್ಲಿ ಅತಿ ಹೆಚ್ಚು ಶ್ರಮ ಹೋಗುವುದು ಲೆಕ್ಕಕ್ಕಲ್ಲ, ಹೆಸರು ತಾಳೆ ನೋಡುವುದಕ್ಕೆ. ಕೆಚುವಾದ ವಾಮನ್, ಎಂದರೆ ಗಿಡುಗ, ಸ್ಪಾನಿಷ್ ಕಾಗದದಲ್ಲಿ ಹುವಾಮಾನ್ ಆಗುತ್ತದೆ, ಗುವಾಮಾನ್ ಆಗುತ್ತದೆ. ಮೇಲಾಗಿ ಒಂದೇ ಊರಿನಲ್ಲಿ ಹತ್ತಾರು ಮಂದಿ ಕಿಸ್ಪೆಗಳು. ಹೆಸರು ಬೇರೆಯಾದರೂ ಒಬ್ಬನೇ ಆಗಿರಬಹುದು, ಹೆಸರು ಒಂದೇ ಆದರೂ ಇಬ್ಬರಾಗಿರಬಹುದು. ವಯಸ್ಸು, ಊರು, ತಾರೀಕು, ತಂದೆಯ ಹೆಸರು ಎಲ್ಲ ನೋಡಿ ಮೊದಲು ಮನುಷ್ಯರು ತೀರ್ಮಾನಿಸುತ್ತಾರೆ, ಅವರ ತೀರ್ಮಾನಗಳನ್ನು ನೋಡಿ ಗಣಕಯಂತ್ರ ಕಲಿಯುತ್ತದೆ. ಸಿರಿಯಾದ ಯುದ್ಧದಲ್ಲಿ ವಿಶ್ವಸಂಸ್ಥೆಗಾಗಿ ಬಾಲ್ ಅವರ ತಂಡ 2013ರ ಜನವರಿಯಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ಏಳು ಪಟ್ಟಿಗಳಲ್ಲಿ ಒಟ್ಟು 1,47,349 ಸಾಲುಗಳಿದ್ದವು. ಪುನರಾವರ್ತನೆಯಾದವು, ಅರೆಬರೆ ವಿವರದವು ಎಲ್ಲ ತೆಗೆದಾಗ ಉಳಿದವರು 59,648 ಮಂದಿ.

ಪೆರುವಿನ ಅಂಕೆಯನ್ನು ಎಲ್ಲರೂ ಒಪ್ಪಲಿಲ್ಲ. 2019ರಲ್ಲಿ ಸಿಲ್ವಿಯೊ ರೆಂದೊನ್ ಎಂಬ ಅರ್ಥಶಾಸ್ತ್ರಜ್ಞರು ಅದೇ ದತ್ತಾಂಶವನ್ನು ಮತ್ತೆ ಲೆಕ್ಕ ಹಾಕಿ ಸುಮಾರು 48,000 ಎಂದರು. ಬಾಲ್ ಮತ್ತು ಸಂಗಡಿಗರು ಅದನ್ನು ಖಂಡಿಸಿ ಬರೆದರು. ಹೀಗೆ ಜಗಳವಾಡಲು ಸಾಧ್ಯವಾದದ್ದೇ ದತ್ತಾಂಶ ಎಲ್ಲರ ಕೈಗೆ ಸಿಕ್ಕಿದ್ದರಿಂದ. ನಮಗಂತೂ ಇದು ಒಳ್ಳೆಯ ಜಗಳ ಎನಿಸಿತು. ಎರಡರಲ್ಲಿ ಯಾವುದು ಸರಿಯಾದರೂ ಮೊದಲಿನ 25,000ದ ನಂಬಿಕೆ ನಿಲ್ಲುವುದಿಲ್ಲ.

ನಮ್ಮ ದೇಶದಲ್ಲಿ ಇಂಥದ್ದು ನಡೆದಿಲ್ಲವೇ? ಪಂಜಾಬಿನಲ್ಲಿ ಜಸ್ವಂತ್ ಸಿಂಗ್ ಖಾಲ್ರಾ ಎಂಬವರು ಕಾಣೆಯಾದವರನ್ನು ಹುಡುಕುತ್ತಾ ಅಮೃತಸರದ ಸುತ್ತಿನ ಸ್ಮಶಾನಗಳ ಪುಸ್ತಕ ತೆರೆದು ನೋಡಿದರು. 'ವಾರಸುದಾರರಿಲ್ಲದ ಶವ' ಎಂದು ಪೊಲೀಸರು ಸುಟ್ಟ ಪ್ರತಿ ದೇಹಕ್ಕೂ ಸೌದೆಯ ಖರ್ಚು ಬರೆದಿಡಲಾಗಿತ್ತು. ಗಣಕಯಂತ್ರವಿಲ್ಲ, ಏನಿಲ್ಲ, ಸೌದೆಯ ಲೆಕ್ಕವೇ ಸಾಕ್ಷಿ. 1995ರ ಸೆಪ್ಟೆಂಬರ್ 6ರಂದು ಅವರನ್ನೇ ಮನೆಯ ಮುಂದಿನಿಂದ ಅಪಹರಿಸಿ ಆಮೇಲೆ ಕೊಂದರು. ಸುಪ್ರೀಂ ಕೋರ್ಟಿನ ಆದೇಶದಂತೆ ನಡೆದ ಸಿ.ಬಿ.ಐ. ತನಿಖೆ ಮೂರು ಸ್ಮಶಾನಗಳಲ್ಲಿ 2,097 ಶವಗಳನ್ನು ಹೀಗೆ ಸುಟ್ಟದ್ದನ್ನು ಕಂಡಿತು. ಅದರಲ್ಲಿ ಪೂರ್ತಿ ಗುರುತು ಹತ್ತಿದವರು 585, ಅರ್ಧಂಬರ್ಧ ಗುರುತು ಹತ್ತಿದವರು 274. ಉಳಿದ 1,238 ಬರೀ ಸೌದೆಯ ಲೆಕ್ಕ. ಖಾಲ್ರಾ ಅವರ ಕೊಲೆಗೆ ಪೊಲೀಸರಿಗಾದ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟು 2011ರಲ್ಲಿ ಎತ್ತಿಹಿಡಿಯಿತು.

ನಮ್ಮ ಜಿಲ್ಲೆಯದೇ ಆದ ಪಟ್ಟಿ ಎಂದರೆ ಎಂಡೋಸಲ್ಫಾನ್ ಸಂತ್ರಸ್ತರದು. ಗೋಡಂಬಿ ತೋಟಗಳ ಮೇಲೆ 2000ದ ವರೆಗೂ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಿದರು. ಎಣ್ಮಕಜೆ ಪಂಚಾಯತಿನ ಪಡ್ರೆ, ವಾಣಿನಗರದ ಕಡೆ ಮಕ್ಕಳಿಗೆ ಏನೋ ಆಗುತ್ತಿದೆ ಎಂದು ಮೊದಮೊದಲು ಗಮನಿಸಿದವರಲ್ಲಿ ಒಬ್ಬರು ಡಾ. ವೈ. ಎಸ್. ಮೋಹನ ಕುಮಾರ್, ತಮ್ಮ ರೋಗಿಗಳ ಮನೆಮನೆಯ ಪರಿಚಯವಿದ್ದ ವೈದ್ಯರು. ಅದನ್ನು ಜಗತ್ತಿಗೆ ತಿಳಿಸಿದವರಲ್ಲಿ ಒಬ್ಬರು ನಮ್ಮ ಕನ್ನಡ ಪತ್ರಕರ್ತರಾದ ಶ್ರೀ ಪಡ್ರೆ. ಸುಪ್ರೀಂ ಕೋರ್ಟು 2011ರಲ್ಲಿ ಆ ವಿಷವನ್ನು ನಿಷೇಧಿಸಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. 2022ರ ಮೇ ತಿಂಗಳಲ್ಲಿ ಮತ್ತೆ ವಿಚಾರಿಸಿದಾಗ, 3,704 ಮಂದಿಯಲ್ಲಿ ಹಣ ಸಿಕ್ಕಿದವರು ಎಂಟು! ಪಟ್ಟಿಯಲ್ಲಿ ಹೆಸರಿರುವುದು ಬೇರೆ, ಕೈಗೆ ಸಿಗುವುದು ಬೇರೆ. ಆದರೆ ಪಟ್ಟಿ ಇದ್ದುದರಿಂದಲೇ ಆ 'ಎಂಟು' ಎಂಬ ಅಂಕೆ ನ್ಯಾಯಾಲಯದಲ್ಲಿ ಕೇಳಿಬಂತು.

ಬರೆದರೆ ಸಾಲದು, ನಕಲು ಇರಬೇಕು. ಎಲ್ ಸಾಲ್ವಡಾರ್‌ನಲ್ಲಿ ಯುದ್ಧಕಾಲದಲ್ಲಿ ಕಾಣೆಯಾದ ಮಕ್ಕಳನ್ನು ಹುಡುಕುವ ಪ್ರೊ-ಬುಸ್ಕೆದಾ ಎಂಬ ಸಂಸ್ಥೆಯ ಕಚೇರಿಗೆ 2013ರ ನವೆಂಬರದಲ್ಲಿ ಆಯುಧ ಹಿಡಿದವರು ನುಗ್ಗಿ, ಕಡತಗಳಿಗೆ ಬೆಂಕಿ ಹಚ್ಚಿ, ಗಣಕಯಂತ್ರಗಳನ್ನು ಹೊತ್ತೊಯ್ದರು. ದಾಖಲೆಯ ಪ್ರತಿ ಬೇರೆ ಕಡೆ ಇದ್ದುದರಿಂದ ಕೆಲಸ ನಿಲ್ಲಲಿಲ್ಲ. ಗ್ವಾಟೆಮಾಲಾದ ಪೊಲೀಸ್ ಕಡತಗಳ ಸ್ಕ್ಯಾನ್ ಪ್ರತಿಗಳು ಸ್ವಿಜರ್ಲೆಂಡಿನಲ್ಲಿವೆ. 2011ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯ ಒಂದು ಕೋಟಿಗೂ ಹೆಚ್ಚು ಪುಟಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿತು. 2018ರಲ್ಲಿ ಆ ದಾಖಲಾಗಾರವನ್ನು ಕಟ್ಟಿ ಬೆಳೆಸಿದ ನಿರ್ದೇಶಕರನ್ನು ಸರಕಾರ ತೆಗೆದುಹಾಕಿದಾಗ, ಹೊರದೇಶದ ಪ್ರತಿಗಳ ಬೆಲೆ ಎಲ್ಲರಿಗೂ ತಿಳಿಯಿತು. ಸಾಕ್ಷಿ ಎಂಬ ಅರ್ಥದ ಗ್ರೀಕ್ ಪದದಿಂದ ಹೆಸರಿಟ್ಟ 'ಮಾರ್ಟಸ್' ಎಂಬ ತಂತ್ರಾಂಶ 2003ರಿಂದ ಇದೇ ಕೆಲಸ ಮಾಡುತ್ತಿತ್ತು: ಬರೆದದ್ದನ್ನು ಗೂಢಲಿಪಿಯಾಗಿಸಿ ದೂರದ ಗಣಕಕ್ಕೆ ನಕಲು ಕಳಿಸುವುದು. 2018ರಲ್ಲಿ ಅದೂ ನಿಂತಿತು. ತಂತ್ರಾಂಶಗಳ ಆಯುಷ್ಯ ನಮ್ಮ ರಟ್ಟಿನ ಪುಸ್ತಕಗಳಷ್ಟೂ ಇಲ್ಲ, ಗೆದ್ದಲು ಹಿಡಿದರೂ!

ನಮ್ಮ ಶಾಲೆಯ ಹೆಸರುಗಳೆಲ್ಲ ಈಗ ಗಣಕಯಂತ್ರದಲ್ಲಿವೆ. ಒಬ್ಬರಿಗೆ ಒಂದೇ ಹೆಸರು ಎಂದು ನಂಬಿದ ನಮೂನೆ ಅದು. ಎರಡನೆಯ ಕಾಗುಣಿತಕ್ಕೆ ಅಲ್ಲಿ ಮನೆಯೇ ಇಲ್ಲ. ಅದಕ್ಕಾಗಿ ನಾವು ಗೀಟು ಹಾಕಿದ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ಎಡಗಡೆ ದಾಖಲಾತಿ ಪುಸ್ತಕದ ಹೆಸರು, ಬಲಗಡೆ ಬೇರೆ ಕಾಗದಗಳಲ್ಲಿ ಕಂಡ ರೂಪಗಳು, ಕಂಡ ತಾರೀಕು. ಐತ್ತಪ್ಪನ ಎದುರು ಈಗ ಐದು ರೂಪಗಳಾಗಿವೆ. ತಾಳವಾಡಿ, ಅಕ್ಕಲಕೋಟೆ, ಆದೋನಿ ಕಡೆಯ ಅಧ್ಯಾಪಕರು ತಮ್ಮಲ್ಲಿ ತಮಿಳು, ಮರಾಠಿ, ತೆಲುಗಿನ ಮೂಲಕ ಹಾದು ಕನ್ನಡ ಹೆಸರುಗಳು ಏನೇನಾಗಿವೆ ಎಂದು ಬರೆದು ತಿಳಿಸಿದರೆ, ಅವನ್ನೂ ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿಡುತ್ತೇವೆ. ಜಾಗ ಇದೆ.